ಜರ್ಮನ್ ಪದಸಂಪತ್ತು: ವ್ಯಾಪಾರಿಗೊಂದು ಲೆಕ್ಕಾಚಾರ

2014ರಲ್ಲಿ ಪೀಣ್ಯದ ಸಣ್ಣ ಉದ್ಯಮಿಯೊಬ್ಬರು ಜರ್ಮನಿಯಿಂದ ಬಳಸಿದ ಗ್ರೈಂಡಿಂಗ್ ಯಂತ್ರವೊಂದನ್ನು ತರಿಸಲು ನಿರ್ಧರಿಸಿದರು. ಅವರ ಲೆಕ್ಕಪತ್ರಗಳನ್ನು ಹಲವು ವರ್ಷಗಳಿಂದ ನೋಡುತ್ತಿದ್ದವನು ನಾನೇ ಆದುದರಿಂದ, ಬ್ಯಾಂಕಿಗೆ ಸಲ್ಲಿಸಬೇಕಾದ ಯೋಜನಾ ವರದಿಯನ್ನೂ ನಾನೇ ಸಿದ್ಧಪಡಿಸಿದೆ. ಮಾರಾಟಗಾರರ ದರಪತ್ರ ಎರಡು ಪುಟಗಳಷ್ಟು ಜರ್ಮನ್ ಭಾಷೆಯಲ್ಲಿತ್ತು. ನಿಘಂಟನ್ನು ಮುಂದಿಟ್ಟುಕೊಂಡು ದೊಡ್ಡ ದೊಡ್ಡ ಪದಗಳನ್ನೆಲ್ಲ ಬಿಡಿಸಿದೆವು. ಬೆಲೆಯ ಪಕ್ಕದಲ್ಲಿ ‘ಅಪ್ ವೆರ್ಕ್’ ಎಂಬ ಎರಡು ಪುಟ್ಟ ಪದಗಳಿದ್ದವು. ‘ವೆರ್ಕ್’ ಎಂದರೆ ಕಾರ್ಖಾನೆ ಎಂದು ನಿಘಂಟು ಹೇಳಿತು. ಹಾಗಾದರೆ ಇದು ಕಾರ್ಖಾನೆಗೆ ತಲುಪಿಸುವ ಬೆಲೆ ಎಂದು ನಾವು ಭಾವಿಸಿದೆವು. ‘ಅಪ್’ ಎಂಬ ಎರಡಕ್ಷರವನ್ನು ನೋಡುವ ಗೋಜಿಗೇ ಹೋಗಲಿಲ್ಲ.

‘ಅಪ್’ ಎಂದರೆ ‘ಇಂದ’. ಅದು ನಮ್ಮ ಕಾರ್ಖಾನೆಗೆ ತಲುಪಿಸುವ ಬೆಲೆಯಾಗಿರದೆ, ಅವರ ಕಾರ್ಖಾನೆಯ ಬಾಗಿಲಿನಿಂದ ನಾವೇ ಎತ್ತಿಕೊಂಡು ಹೋಗಬೇಕಾದ ಬೆಲೆಯಾಗಿತ್ತು. ಜರ್ಮನಿಯೊಳಗಿನ ಸಾಗಣೆ, ಹಡಗಿನ ಬಾಡಿಗೆ, ವಿಮೆ ಎಲ್ಲವೂ ನಮ್ಮ ತಲೆಯ ಮೇಲೆ ಬಂದವು. ಆ ವೆಚ್ಚಗಳನ್ನು ಸೇರಿಸಿದ ಮೌಲ್ಯದ ಮೇಲೆಯೇ ಆಮದು ಸುಂಕ ಬೀಳುವುದರಿಂದ ಸುಂಕವೂ ಏರಿತು. ಮಂಜೂರಾಗಿದ್ದ ಸಾಲ ಸಾಲದೆ, ಆ ಉದ್ಯಮಿಯು ಮನೆಯ ಖರ್ಚಿಗೆಂದು ಇಟ್ಟಿದ್ದ ನಿಶ್ಚಿತ ಠೇವಣಿಯನ್ನು ಅವಧಿಗೆ ಮೊದಲೇ ಮುರಿಸಬೇಕಾಯಿತು. ಅವರು ನನ್ನನ್ನು ದೂರಲಿಲ್ಲ. “ನೀವು ನೋಡಿದ್ದೀರಲ್ಲ ಎಂದು ನಾನು ನೋಡಲಿಲ್ಲ ಸಾರ್” ಎಂದಷ್ಟೇ ಹೇಳಿದರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಮರುತಿಂಗಳೇ ನಾನು ಜರ್ಮನ್ ಕಲಿಯಲು ಕುಳಿತೆ. ಆ ಕಲಿಕೆಯಲ್ಲಿ ಪದಸಂಗ್ರಹದ ಬಗೆಗೆ ನಾನು ಕಂಡುಕೊಂಡ ಕೆಲವು ವಿಷಯಗಳನ್ನು ಸದಸ್ಯರೊಂದಿಗೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಮೊಬೈಲ್ ದೂರವಾಣಿಯೇ ಕ್ಷಣಮಾತ್ರದಲ್ಲಿ ಅನುವಾದ ಮಾಡಿಕೊಡುವಾಗ ಈ ಶ್ರಮವೇಕೆ ಎಂದು ಕೆಲವರು ಕೇಳಬಹುದು. ಅನುವಾದ ತಂತ್ರಾಂಶ ಉಪಯುಕ್ತವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಗಣಕಯಂತ್ರ ಕೂಡಿ ಕೊಟ್ಟ ಮೊತ್ತವನ್ನೂ ಲೆಕ್ಕ ಬಲ್ಲವನೇ ಪರಿಶೀಲಿಸಬೇಕು. ಯಾವ ಪದವನ್ನು ಶಂಕಿಸಬೇಕು, ಯಾವ ಸಾಲನ್ನು ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಬೇಕು ಎಂಬ ಎಚ್ಚರ ಹುಟ್ಟಬೇಕಾದರೆ ಭಾಷೆಯ ಅಲ್ಪಸ್ವಲ್ಪ ಪರಿಚಯ ಇರಲೇಬೇಕು.

ಮೊದಲ ಸೋಲು

ಆರಂಭದಲ್ಲಿ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪನ್ನೇ. ಪುಸ್ತಕದ ಹಿಂದಿನ ಪದಪಟ್ಟಿಯನ್ನು ತೆಗೆದುಕೊಂಡು ದಿನಕ್ಕೆ ಐವತ್ತರಂತೆ ಬಾಯಿಪಾಠ ಮಾಡಿದೆ. ಸೇಬು, ಬೆಕ್ಕು, ಕಿಟಕಿ, ಚಿಕ್ಕಮ್ಮ ಎಲ್ಲವೂ ಬಂದವು. ವಾರ ಕಳೆಯುವುದರೊಳಗೆ ಎಲ್ಲವೂ ಹೋದವು. ವರ್ಷಾಂತ್ಯದಲ್ಲಿ ದಾಸ್ತಾನು ಎಣಿಸುವಾಗ ಗೋದಾಮಿನ ಮೂಲೆಯಲ್ಲಿ ಧೂಳು ಹಿಡಿದ ಸರಕು ಸಿಗುತ್ತದೆ. ಪುಸ್ತಕದಲ್ಲಿ ಅದಕ್ಕೆ ಮೌಲ್ಯವಿದೆ, ಮಾರುಕಟ್ಟೆಯಲ್ಲಿ ಇಲ್ಲ. ನನ್ನ ಪದಸಂಗ್ರಹವೂ ಅಂಥದ್ದೇ ಆಗಿತ್ತು.

ಇದಕ್ಕೆ ಕಾರಣವನ್ನು ಜರ್ಮನಿಯ ಮನಶ್ಶಾಸ್ತ್ರಜ್ಞ ಹೆರ್ಮಾನ್ ಎಬಿಂಗ್‌ಹೌಸ್ 1885ರಲ್ಲಿಯೇ ತೋರಿಸಿದ್ದರು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಕಾಲದ ಬಳಿಕ ಎಷ್ಟು ಉಳಿಯುತ್ತದೆಂದು ಅವರು ಅಳೆದರು. ಕಲಿತದ್ದರ ಬಹುಭಾಗ ಮೊದಲ ಕೆಲವು ಗಂಟೆ, ದಿನಗಳಲ್ಲಿಯೇ ಮರೆತುಹೋಗುತ್ತದೆ. ಅನಂತರ ಮರೆವಿನ ವೇಗ ತಗ್ಗುತ್ತದೆ. ಒಂದೇ ಬಾರಿಗೆ ಉರುಹೊಡೆಯುವುದಕ್ಕಿಂತ ಅಂತರ ಕೊಟ್ಟು ಪುನರಾವರ್ತಿಸುವುದು ಹೆಚ್ಚು ಫಲಕಾರಿ ಎಂಬುದೂ ಅವರ ಪ್ರಯೋಗಗಳಿಂದ ತಿಳಿಯಿತು.

ಅರ್ಥಸಂಬಂಧವಿಲ್ಲದ ಪದ ಬೇಗ ಮರೆಯುತ್ತದೆ. ತಿರುಗಿ ನೋಡದ ಪದವೂ ಮರೆಯುತ್ತದೆ. ನನ್ನ ಅನುಭವದ ಸಾರವೆಂದರೆ ಪದವನ್ನು ಎಂದೂ ಒಂಟಿಯಾಗಿ ಕಲಿಯಬಾರದು. ಅದರ ಲಿಂಗಸೂಚಕ, ಅದರ ಮುಂದಿನ ಪುಟ್ಟ ಪದ, ಅದರ ಕುಟುಂಬ ಇವುಗಳ ಸಮೇತವಾಗಿಯೇ ಕಲಿಯಬೇಕು. ‘ವೆರ್ಕ್’ ಎಂಬುದನ್ನು ಮಾತ್ರ ತಿಳಿದ ನನಗೆ ಆದ ನಷ್ಟವೇ ಇದಕ್ಕೆ ಸಾಕ್ಷಿ.

ನಿಮ್ಮ ಕಡತವೇ ನಿಮ್ಮ ಪಠ್ಯಪುಸ್ತಕ

ಮೊದಲ ಹೆಜ್ಜೆ ಆಯ್ಕೆ. ಜರ್ಮನ್ ಸಂಸ್ಥೆಗಳೊಂದಿಗೆ ನಡೆಸಿದ ಪತ್ರವ್ಯವಹಾರ, ದರಪತ್ರ, ಬಿಲ್ಲು, ನಕ್ಷೆಗಳಲ್ಲಿ ಹತ್ತನ್ನು ಕಡತದಿಂದ ತೆಗೆಯಿರಿ. ಅವುಗಳಲ್ಲಿ ಮೂರು ಬಾರಿಗಿಂತ ಹೆಚ್ಚು ಬಂದ ಪದಗಳಿಗೆ ಅಡಿಗೆರೆ ಹಾಕಿರಿ. ಒಂದೇ ವ್ಯವಹಾರದಲ್ಲಿ ಪದಗಳು ಮತ್ತೆ ಮತ್ತೆ ಬರುತ್ತವೆಯಾದ್ದರಿಂದ ಪಟ್ಟಿ ನೀವು ಅಂಜಿದಷ್ಟು ಉದ್ದವಾಗುವುದಿಲ್ಲ. ಯಂತ್ರಭಾಗ ತಯಾರಕರಿಗೂ ಕಾಫಿ ರಫ್ತುದಾರರಿಗೂ ಬೇಕಾದ ಪದಗಳು ಬೇರೆ ಬೇರೆ; ಆದರೆ ಬಿಲ್ಲು, ಪಾವತಿ, ವಿತರಣೆಗೆ ಸಂಬಂಧಿಸಿದ ಪದಗಳು ಇಬ್ಬರಿಗೂ ಸಮಾನ.

ದಿನಕ್ಕೆ ಹತ್ತು ಹೊಸ ಪದ, ವಾರಕ್ಕೆ ಐದು ದಿನ ಎಂದಿಟ್ಟುಕೊಂಡರೆ ಹದಿಮೂರು ವಾರಗಳ ಒಂದು ತ್ರೈಮಾಸಿಕದಲ್ಲಿ 650 ಪದಗಳಾಗುತ್ತವೆ. ಗೋಯ್ಥೆ ಸಂಸ್ಥೆಯು ಎ-1 ಎಂಬ ಪ್ರಥಮ ಹಂತದ ಪರೀಕ್ಷೆಗೆ ನಿರೀಕ್ಷಿಸುವ ಪದಗಳ ಸಂಖ್ಯೆಯೂ ಸುಮಾರು ಇಷ್ಟೇ. ಬಿ-1 ಹಂತಕ್ಕೆ ಸುಮಾರು 2,400 ಪದಗಳು ಬೇಕು. ಕ್ರಮಬದ್ಧವಾಗಿ ಕಲಿಯಬಯಸುವವರಿಗೆ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ತರಗತಿಗಳಿವೆ. ತರಗತಿಗೆ ಹೋಗುವವರೂ ತಮ್ಮ ಕಡತದ ಪಟ್ಟಿಯನ್ನು ಕೈಬಿಡಬಾರದೆಂಬುದು ನನ್ನ ಸಲಹೆ.

ಕುಟುಂಬವಾಗಿ ಕಲಿಯುವುದು

ಜರ್ಮನ್ ಭಾಷೆಯಲ್ಲಿ ಒಂದು ಧಾತುವನ್ನು ಹಿಡಿದರೆ ಹತ್ತು ಪದಗಳು ಕೈಗೆ ಬರುತ್ತವೆ. ‘ತ್ಸಾಲೆನ್’ ಎಂದರೆ ಹಣ ಪಾವತಿಸುವುದು. ‘ತ್ಸಾಲುಂಗ್’ ಪಾವತಿ, ‘ಆನ್‌ತ್ಸಾಲುಂಗ್’ ಮುಂಗಡ, ‘ಐನ್‌ತ್ಸಾಲೆನ್’ ಖಾತೆಗೆ ಜಮಾ ಮಾಡುವುದು, ‘ಔಸ್‌ತ್ಸಾಲೆನ್’ ಹಣವನ್ನು ಕೈಗೆ ಕೊಟ್ಟುಬಿಡುವುದು, ‘ತ್ಸುರ್ಯುಕ್‌ತ್ಸಾಲೆನ್’ ಮರುಪಾವತಿ ಮಾಡುವುದು, ‘ರಾಟೆನ್‌ತ್ಸಾಲುಂಗ್’ ಕಂತಿನ ಪಾವತಿ. ಹಾಗೆಯೇ ‘ಕೌಫೆನ್’ ಕೊಳ್ಳುವುದು, ‘ಫೆರ್‌ಕೌಫೆನ್’ ಮಾರುವುದು. ಇಲ್ಲಿ ಒಂದು ಉಪಸರ್ಗ ವ್ಯವಹಾರದ ದಿಕ್ಕನ್ನೇ ತಿರುಗಿಸಿತೆಂಬುದನ್ನು ಗಮನಿಸಬೇಕು. ‘ಲೀಫೆರ್ನ್’ ಸರಬರಾಜು ಮಾಡುವುದು, ‘ಲೀಫೆರುಂಗ್’ ಸರಬರಾಜು, ‘ಲೀಫೆರಾಂಟ್’ ಸರಬರಾಜುದಾರ, ‘ಲೀಫರ್‌ಶೈನ್’ ಸರಕಿನೊಡನೆ ಬರುವ ಚಲನ್, ‘ಲೀಫರ್‌ತ್ಸೈಟ್’ ಸರಬರಾಜಿಗೆ ಹಿಡಿಯುವ ಅವಧಿ. ಹೀಗೆ ಮೂರು ಧಾತುಗಳಿಂದ ಒಂದು ದರಪತ್ರದ ಅರ್ಧಭಾಗ ಅರ್ಥವಾಗುತ್ತದೆ.

ಈ ಉಪಸರ್ಗಗಳಲ್ಲಿ ಕೆಲವು ವಾಕ್ಯದಲ್ಲಿ ಕ್ರಿಯಾಪದದಿಂದ ಬೇರ್ಪಟ್ಟು ಕೊನೆಗೆ ಹೋಗಿ ಕುಳಿತುಕೊಳ್ಳುತ್ತವೆ. ‘ವೀರ್ ಸಾಗೆನ್ ಡೀ ಲೀಫೆರುಂಗ್ ತ್ಸೂ’ ಎಂದರೆ ಸರಬರಾಜು ಮಾಡಲು ನಾವು ಒಪ್ಪಿದ್ದೇವೆ ಎಂದರ್ಥ. ಕೊನೆಯ ‘ತ್ಸೂ’ ಬದಲು ‘ಅಪ್’ ಬಂದರೆ ಸರಬರಾಜನ್ನು ರದ್ದುಪಡಿಸುತ್ತಿದ್ದೇವೆ ಎಂದರ್ಥ. ಉಳಿದ ಪದಗಳೆಲ್ಲ ಒಂದೇ. ಇದರಿಂದ ಕನ್ನಡಿಗರು ಧೃತಿಗೆಡಬೇಕಾಗಿಲ್ಲ. ‘ನಿಮ್ಮ ಸರಕನ್ನು ಈ ತಿಂಗಳೊಳಗೆ ಕಳುಹಿಸು’ ಎಂಬಲ್ಲಿಯವರೆಗೆ ಕೇಳಿದರೂ, ಮುಂದೆ ಬರುವುದು ‘ತ್ತೇವೆ’ಯೋ ‘ವುದಿಲ್ಲ’ವೋ ಎಂದು ಕಾಯುವ ಅಭ್ಯಾಸ ನಮಗೆ ಹುಟ್ಟಿನಿಂದಲೇ ಇದೆ. ಜರ್ಮನ್ ವಾಕ್ಯವನ್ನೂ ಅದೇ ತಾಳ್ಮೆಯಿಂದ ಕೊನೆಯ ಅಕ್ಷರದವರೆಗೆ ಓದಬೇಕು.

ಸಮಾಸ ಬಲ್ಲವರಿಗೆ ಭಯವಿಲ್ಲ

ಜರ್ಮನ್ ಪದಗಳ ಉದ್ದವನ್ನು ಕಂಡು ಹಲವರು ಪುಸ್ತಕ ಮುಚ್ಚಿಬಿಡುತ್ತಾರೆ. ಆದರೆ ಶಾಲೆಯಲ್ಲಿ ತತ್ಪುರುಷ ಸಮಾಸ ಓದಿದವರಿಗೆ ಇದು ಹೊಸದಲ್ಲ. ಅರಸನ ಮನೆ ಅರಮನೆಯಾದಂತೆ, ‘ಔಫ್‌ಟ್ರಾಗ್’ ಎಂಬ ಬೇಡಿಕೆಯೂ ‘ಬೆಷ್ಟೇಟಿಗುಂಗ್’ ಎಂಬ ದೃಢೀಕರಣವೂ ಸೇರಿ ‘ಔಫ್‌ಟ್ರಾಗ್ಸ್‌ಬೆಷ್ಟೇಟಿಗುಂಗ್’, ಅಂದರೆ ಬೇಡಿಕೆಯ ದೃಢೀಕರಣ ಪತ್ರ ಆಗುತ್ತದೆ. ನಡುವೆ ಬಂದ ‘ಸ್’ ಕಾರಕ್ಕೆ ಪ್ರತ್ಯೇಕ ಅರ್ಥವಿಲ್ಲ. ನಮ್ಮ ಆಗಮ ಸಂಧಿಯಲ್ಲಿ ಯಕಾರ, ವಕಾರಗಳು ಬಂದಂತೆ ಅದು ಜೋಡಣೆಗಾಗಿ ಬಂದದ್ದು. ತತ್ಪುರುಷದಲ್ಲಿ ಉತ್ತರಪದದ ಅರ್ಥ ಪ್ರಧಾನವಾಗಿರುವಂತೆ ಇಲ್ಲಿಯೂ ಕೊನೆಯ ಪದವೇ ಯಜಮಾನ. ಆದ್ದರಿಂದ ಉದ್ದನೆಯ ಪದವನ್ನು ಹಿಂದಿನಿಂದ ಬಿಡಿಸಿರಿ: ಮೊದಲು ಅದು ಯಾವ ವಸ್ತು ಎಂದು ನೋಡಿ, ಅನಂತರ ಎಂಥದ್ದು ಎಂದು ನೋಡಿರಿ.

ಯಂತ್ರೋಪಕರಣದವರಿಗೆ ಇದರ ಲಾಭ ಕೂಡಲೇ ಕಾಣುತ್ತದೆ. ‘ಡ್ರೇಎನ್’ ಎಂದರೆ ತಿರುಗಿಸುವುದು, ‘ಡ್ರೇಮಶೀನೆ’ ಲೇತ್. ‘ಬೋರೆನ್’ ಕೊರೆಯುವುದು, ‘ಬೋರ್‌ಮಶೀನೆ’ ಡ್ರಿಲ್ಲಿಂಗ್ ಯಂತ್ರ. ‘ಫ್ರೇಸ್‌ಮಶೀನೆ’ ಮಿಲ್ಲಿಂಗ್ ಯಂತ್ರ, ‘ಶ್ಲೈಫ್‌ಮಶೀನೆ’ ಗ್ರೈಂಡಿಂಗ್ ಯಂತ್ರ. ನಾಲ್ಕು ಧಾತುಗಳಿಗೆ ನಾಲ್ಕು ಯಂತ್ರಗಳು. ಈ ಸದಸ್ಯ ಬಳಗದಲ್ಲಿ ಹೇಳಲೇಬೇಕಾದ ಇನ್ನೊಂದು ಪದವಿದೆ: ‘ಹಾಂಡೆಲ್’ ಎಂದರೆ ವ್ಯಾಪಾರ, ‘ಕಾಮರ್’ ಎಂದರೆ ಕೊಠಡಿ, ‘ಹಾಂಡೆಲ್ಸ್‌ಕಾಮರ್’ ಎಂದರೆ ನಮ್ಮದೇ ವಾಣಿಜ್ಯ ಮಂಡಳಿ.

ಲಿಂಗವೂ ಪದದ ಭಾಗವೇ

ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ, ಜರ್ಮನ್‌ನಲ್ಲಿ ಹಾಗಲ್ಲ. ಪ್ರತಿಯೊಂದು ನಾಮಪದಕ್ಕೂ ‘ಡೆರ್’, ‘ಡೀ’, ‘ಡಾಸ್’ ಎಂಬ ಮೂರು ಸೂಚಕಗಳಲ್ಲಿ ಒಂದಿರುತ್ತದೆ. ಹುಡುಗಿ ಎಂಬರ್ಥದ ‘ಮೇಡ್‌ಶೆನ್’ ನಪುಂಸಕಲಿಂಗವೆಂದರೆ ನಮಗೆ ವಿಚಿತ್ರವೆನಿಸಬಹುದು. ಆದರೆ ಇದನ್ನು ಅಲಕ್ಷಿಸಿದರೆ ನಷ್ಟವಿದೆ. ‘ಡೀ ಶ್ಟೊಯರ್’ ಎಂದರೆ ತೆರಿಗೆ. ‘ಡಾಸ್ ಶ್ಟೊಯರ್’ ಎಂದರೆ ವಾಹನದ ಸ್ಟಿಯರಿಂಗ್. ‘ಡೆರ್ ಸೇ’ ಸರೋವರ, ‘ಡೀ ಸೇ’ ಸಮುದ್ರ.

ಬಹುವಚನವನ್ನೂ ಜೊತೆಗೇ ಬರೆದುಕೊಳ್ಳಬೇಕು. ‘ಮುಟ್ಟರ್’ ಎಂದರೆ ತಾಯಿ. ಬೋಲ್ಟಿಗೆ ಹಾಕುವ ನಟ್ ಕೂಡ ‘ಮುಟ್ಟರ್’ ಎಂದೇ. ಬಹುವಚನದಲ್ಲಿ ತಾಯಂದಿರು ‘ಮ್ಯುಟ್ಟರ್’, ನಟ್‌ಗಳು ‘ಮುಟ್ಟರ್ನ್’. ಕೆಲವು ಸೂತ್ರಗಳು ಹೊರೆಯನ್ನು ಕಡಿಮೆ ಮಾಡುತ್ತವೆ. ಕ್ರಿಯಾಪದಕ್ಕೆ ‘ಉಂಗ್’ ಸೇರಿ ಆದ ನಾಮಪದಗಳು ಸ್ತ್ರೀಲಿಂಗ. ಆದ್ದರಿಂದ ತ್ಸಾಲುಂಗ್, ಲೀಫೆರುಂಗ್, ಬಿಲ್ಲು ಎಂಬರ್ಥದ ‘ರೆಶ್ನುಂಗ್’, ನಕ್ಷೆ ಎಂಬರ್ಥದ ‘ತ್ಸೈಶ್ನುಂಗ್’ ಎಲ್ಲಕ್ಕೂ ‘ಡೀ’. ‘ಹೈಟ್’, ‘ಕೈಟ್’, ‘ಶಾಫ್ಟ್’ ಎಂಬ ಪ್ರತ್ಯಯಗಳಿಂದ ಮುಗಿಯುವ ನಾಮಪದಗಳಿಗೂ ‘ಡೀ’. ‘ಶೆನ್’ ಎಂಬ ಪ್ರತ್ಯಯದಿಂದ ಮುಗಿಯುವವು ನಪುಂಸಕ. ಸಮಸ್ತಪದಕ್ಕೆ ಕೊನೆಯ ಪದದ ಲಿಂಗವೇ ಲಿಂಗ.

ವೇಷ ಮರೆಸಿಕೊಂಡ ಪದಗಳು

ಇಂಗ್ಲಿಷ್ ಬಲ್ಲವರಿಗೆ ಜರ್ಮನ್ ಸುಲಭವೆಂಬ ಮಾತು ಅರ್ಧ ಸತ್ಯ. ಟೆನ್ ‘ತ್ಸೇನ್’ ಆಗುತ್ತದೆ, ಟಿನ್ ‘ತ್ಸಿನ್’ ಆಗುತ್ತದೆ, ಟೋಲ್ ‘ತ್ಸೊಲ್’ ಆಗುತ್ತದೆ. ಇಂಗ್ಲಿಷಿನ ಟಕಾರ ಜರ್ಮನ್‌ನಲ್ಲಿ ತ್ಸಕಾರವಾಗುವ ಈ ಕ್ರಮವನ್ನು ತಿಳಿದರೆ ಅನೇಕ ಪದಗಳು ತಾವಾಗಿಯೇ ಹೊಳೆಯುತ್ತವೆ. ‘ತ್ಸೊಲ್’ ಎಂದರೆ ಆಮದು ಸುಂಕ. ಅಳತೆಯ ಅಂಗುಲಕ್ಕೂ ಅದೇ ಪದ. ಸಂಸ್ಕೃತವೂ ನೆರವಿಗೆ ಬರುತ್ತದೆ. ‘ನಾಮೆ’ ನಾಮ, ‘ನಾಸೆ’ ನಾಸಿಕ, ‘ಕ್ನೀ’ ಜಾನು, ‘ನೊಯ್ನ್’ ನವ; ಇವು ಒಂದೇ ಮೂಲದಿಂದ ಬಂದ ಬಂಧುಗಳು.

ಆದರೆ ನಂಬಿಸಿ ಕೈಕೊಡುವ ಪದಗಳ ಪಟ್ಟಿಯನ್ನು ಕೆಂಪು ಶಾಯಿಯಲ್ಲಿ ಬರೆದಿಡಬೇಕು. ‘ಪ್ರೊವಿಜಿಯೋನ್’ ಎಂದರೆ ಲೆಕ್ಕಪತ್ರದಲ್ಲಿ ನಾವು ಮಾಡುವ ಪ್ರಾವಿಷನ್ ಅಲ್ಲ, ದಲ್ಲಾಳಿಯ ಕಮಿಷನ್. ನಮ್ಮ ಪ್ರಾವಿಷನ್‌ಗೆ ಅವರಲ್ಲಿ ‘ರ್ಯುಕ್‌ಶ್ಟೆಲುಂಗ್’ ಎಂಬ ಪದವಿದೆ. ‘ಎವೆಂಟುಎಲ್’ ಎಂದರೆ ಕೊನೆಗೊಮ್ಮೆ ಎಂದಲ್ಲ, ಬಹುಶಃ ಎಂದು. ‘ಎವೆಂಟುಎಲ್ ಬೇಡಿಕೆ ಸಲ್ಲಿಸುತ್ತೇವೆ’ ಎಂದು ಬರೆದವರನ್ನು ನಂಬಿ ಕಚ್ಚಾಸಾಮಗ್ರಿ ಕೊಂಡುಬಿಡಬಾರದು. ‘ಬೆಕೊಮೆನ್’ ಎಂದರೆ ಪಡೆಯುವುದು. ‘ಮಿಲಿಯಾರ್ಡೆ’ ನೂರು ಕೋಟಿ. ‘ಬಿಲಿಯೋನ್’ ಒಂದು ಲಕ್ಷ ಕೋಟಿ. ‘ರಬಾಟ್’ ಬೆಲೆಯಲ್ಲಿಯೇ ಕೊಡುವ ರಿಯಾಯಿತಿ. ‘ಸ್ಕೊಂಟೊ’ ನಿಗದಿತ ದಿನಗಳೊಳಗೆ ಹಣ ಕೊಟ್ಟರೆ ಮಾತ್ರ ಸಿಗುವ ಕಡಿತ. ಗಡುವು ಮೀರಿ ಪೂರ್ಣ ಮೊತ್ತ ತೆರುವವರಲ್ಲಿ, ಇಂಥ ಕಡಿತವೊಂದು ಇತ್ತೆಂಬುದೇ ತಿಳಿಯದವರೂ ಇರುತ್ತಾರೆ.

ಅಂಕಿ ಮತ್ತು ಸಂಕ್ಷೇಪ

ಅಂಕಿಗಳಿಗೆ ಭಾಷೆಯಿಲ್ಲವೆಂದು ತಿಳಿಯುವುದು ಅಪಾಯ. ಜರ್ಮನ್ ಪತ್ರದಲ್ಲಿ 1.250 ಎಂದಿದ್ದರೆ ಅದು ಒಂದು ಸಾವಿರದ ಇನ್ನೂರ ಐವತ್ತು, 12,5 ಮಿ.ಮೀ. ಎಂದಿದ್ದರೆ ಹನ್ನೆರಡೂವರೆ. ಬಿಂದು ಮತ್ತು ಅಲ್ಪವಿರಾಮ ಪರಸ್ಪರ ಸ್ಥಾನ ಬದಲಿಸಿಕೊಂಡಿವೆ. ಹೇಳುವ ಕ್ರಮವೂ ಬೇರೆ. 45ನ್ನು ಅವರು ‘ಐದು ಮತ್ತು ನಲವತ್ತು’ ಎನ್ನುತ್ತಾರೆ. ಸಂಸ್ಕೃತದ ಪಂಚಚತ್ವಾರಿಂಶತ್‌ನಲ್ಲಿ ಐದು ಮೊದಲು ಬಂದಂತೆ. ದೂರವಾಣಿಯಲ್ಲಿ ಕೇಳಿ ಬರೆದುಕೊಳ್ಳುವಾಗ 54 ಎಂದು ಬರೆಯುವ ಸಂಭವವಿದೆ. ‘ಹಾಲ್ಪ್ ಡ್ರೈ’ ಎಂಬುದು ಅಕ್ಷರಶಃ ‘ಅರ್ಧ ಮೂರು’. ಅದು ಎರಡೂವರೆ ಗಂಟೆ, ಮೂರೂವರೆಯಲ್ಲ.

ಪತ್ರದ ಕೊನೆಯ ಸಹಿಯ ಪಕ್ಕದಲ್ಲಿರುವ ಸಂಕ್ಷೇಪಗಳನ್ನೂ ಪದಪಟ್ಟಿಗೆ ಸೇರಿಸಿರಿ. ‘ಪಿ.ಪಿ.ಎ.’ ಎಂದಿದ್ದರೆ ಸಹಿ ಮಾಡಿದವರಿಗೆ ‘ಪ್ರೊಕೂರಾ’ ಎಂಬ, ವಾಣಿಜ್ಯ ನೋಂದಣಿ ಪುಸ್ತಕದಲ್ಲಿ ದಾಖಲಾಗುವ ವ್ಯಾಪಕ ಅಧಿಕಾರವಿದೆ ಎಂದರ್ಥ. ‘ಐ.ವಿ.’ ಎಂದರೆ ಅದಕ್ಕಿಂತ ಸೀಮಿತವಾದ ಅಧಿಕಾರಪತ್ರದ ಮೇರೆಗೆ, ‘ಐ.ಎ.’ ಎಂದರೆ ಕೇವಲ ಅಪ್ಪಣೆಯ ಮೇರೆಗೆ. ದೊಡ್ಡ ಒಪ್ಪಂದಕ್ಕೆ ಯಾರ ಸಹಿ ಬಂದಿದೆ ಎಂದು ನೋಡುವುದು ವ್ಯಾಪಾರದ ಮೊದಲ ಪಾಠವಲ್ಲವೇ?

ಐದು ಖಾನೆಗಳ ಪೆಟ್ಟಿಗೆ

ಇನ್ನು ಉಳಿಸಿಕೊಳ್ಳುವ ಉಪಾಯ. ಸೆಬಾಸ್ಟಿಯನ್ ಲೈಟ್ನರ್ ಎಂಬ ಲೇಖಕರು 1972ರಲ್ಲಿ ಪ್ರಕಟವಾದ ತಮ್ಮ ಜರ್ಮನ್ ಪುಸ್ತಕದಲ್ಲಿ ಐದು ಖಾನೆಗಳ ಪೆಟ್ಟಿಗೆಯೊಂದನ್ನು ವಿವರಿಸಿದರು. ಪ್ರತಿ ಪದಕ್ಕೂ ಒಂದು ಚೀಟಿ. ಮುಂದೆ ಕನ್ನಡ ಅರ್ಥ. ಹಿಂದೆ ಲಿಂಗಸೂಚಕ, ಬಹುವಚನ ಮತ್ತು ನಿಮ್ಮ ಕಡತದಿಂದಲೇ ಎತ್ತಿದ ಒಂದು ಪುಟ್ಟ ಪದಗುಚ್ಛ. ಹೊಸ ಚೀಟಿ ಮೊದಲ ಖಾನೆಗೆ ಹೋಗುತ್ತದೆ. ಸರಿಯಾಗಿ ಹೇಳಿದರೆ ಮುಂದಿನ ಖಾನೆಗೆ. ತಪ್ಪಿದರೆ, ಅದು ಎಲ್ಲಿಯೇ ಇರಲಿ, ಮತ್ತೆ ಮೊದಲ ಖಾನೆಗೆ. ನಾನು ಮೊದಲ ಖಾನೆಯನ್ನು ಪ್ರತಿದಿನ, ಎರಡನೆಯದನ್ನು ಎರಡು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಹದಿನೈದು ದಿನಕ್ಕೊಮ್ಮೆ, ಐದನೆಯದನ್ನು ತಿಂಗಳಿಗೊಮ್ಮೆ ನೋಡುತ್ತೇನೆ. ಕಷ್ಟದ ಪದಕ್ಕೆ ಹೆಚ್ಚು ಸಮಯ, ಸುಲಭದ ಪದಕ್ಕೆ ಕಡಿಮೆ ಸಮಯ ತಾನಾಗಿಯೇ ಹಂಚಿಕೆಯಾಗುತ್ತದೆ. ಬಾಕಿದಾರರ ಪಟ್ಟಿಯನ್ನು ಬಾಕಿಯ ವಯಸ್ಸಿನಂತೆ ವಿಂಗಡಿಸಿ, ಕೊಡದವರನ್ನು ಮೇಲಿಂದ ಮೇಲೆ ವಿಚಾರಿಸುವ ಕ್ರಮಕ್ಕೂ ಇದಕ್ಕೂ ಬಹಳ ಹೋಲಿಕೆಯಿದೆ. ಇದೇ ತತ್ತ್ವದ ಮೊಬೈಲ್ ತಂತ್ರಾಂಶಗಳೂ ಇವೆ. ಆದರೆ ಕೈಯಾರೆ ಬರೆದ ಚೀಟಿ ಮನಸ್ಸಿನಲ್ಲಿ ಹೆಚ್ಚು ನಿಲ್ಲುತ್ತದೆಂಬುದು ನನ್ನ ಅನುಭವ. ಅಂಗಡಿ ತೆರೆಯುವ ಮುನ್ನ ಇಪ್ಪತ್ತು ನಿಮಿಷ ಸಾಕು. ಚೀಟಿಯನ್ನು ಗಟ್ಟಿಯಾಗಿ ಓದಬೇಕು.

ಕಿಟೆಲ್ ತೋರಿದ ದಾರಿ

ಈ ಮಾತಿಗೆ ನಮ್ಮ ನೆಲದಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. 1853ರಲ್ಲಿ ಜರ್ಮನಿಯಿಂದ ಬಂದ ಫರ್ಡಿನಾಂಡ್ ಕಿಟೆಲ್ ಅವರಿಗೆ ಕನ್ನಡ ಪರಭಾಷೆ. ದಶಕಗಳ ಶ್ರಮದ ಬಳಿಕ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅದನ್ನು ತೆರೆದು ನೋಡಿದವರಿಗೆ ಗೊತ್ತು: ಅಲ್ಲಿ ಪದ ಒಂಟಿಯಾಗಿಲ್ಲ. ಅದರೊಂದಿಗೆ ಗ್ರಂಥಗಳ ಪ್ರಯೋಗವಿದೆ, ಆಡುಮಾತಿದೆ, ಗಾದೆಯಿದೆ, ಸೋದರ ಭಾಷೆಗಳ ಬಂಧುಪದಗಳಿವೆ. ಜರ್ಮನ್ ವಿದ್ವಾಂಸರೊಬ್ಬರು ಕನ್ನಡವನ್ನು ಕಲಿತ ಕ್ರಮವೇ ಕನ್ನಡಿಗರು ಜರ್ಮನ್ ಕಲಿಯಲೂ ತಕ್ಕ ಕ್ರಮ.

ನಾನು ಪಂಡಿತನಾಗಿಲ್ಲ. ಕಾನೂನಿನ ತೊಡಕಿರುವ ಒಪ್ಪಂದ ಬಂದರೆ ಇಂದಿಗೂ ವೃತ್ತಿಪರ ಅನುವಾದಕರ ಬಳಿಗೇ ಕಳುಹಿಸುತ್ತೇನೆ. ಓದುಗರೂ ಹಾಗೆಯೇ ಮಾಡಬೇಕೆಂದು ವಿನಂತಿ. ಆದರೆ ದರಪತ್ರ, ಬಿಲ್ಲು, ನೆನಪೋಲೆಗಳು ಈಗ ನನಗೆ ಕತ್ತಲ ಕೋಣೆಗಳಲ್ಲ.

ಪೀಣ್ಯದ ಆ ಉದ್ಯಮಿಗೂ ಒಂದು ಚೀಟಿಪೆಟ್ಟಿಗೆಯನ್ನು ಮಾಡಿಸಿಕೊಟ್ಟಿದ್ದೆ. ಕೆಲವು ವರ್ಷಗಳ ಬಳಿಕ ಅವರು ಎರಡನೆಯ ಯಂತ್ರಕ್ಕೆ ದರಪತ್ರ ತರಿಸಿದರು. ಅದು ನನ್ನ ಕಚೇರಿಗೆ ತಲುಪುವ ಮೊದಲೇ ಅವರ ದೂರವಾಣಿ ಕರೆ ಬಂತು. “ಸಾರ್, ಇವರೂ ‘ಅಪ್ ವೆರ್ಕ್’ ಎಂದೇ ಬರೆದಿದ್ದಾರೆ. ‘ಫ್ರೈ ಹೌಸ್’, ಅಂದರೆ ನಮ್ಮ ಬಾಗಿಲಿಗೆ ತಲುಪಿಸಲು ಎಷ್ಟಾಗುತ್ತದೆ ಎಂದು ಕೇಳಿ ನಾನೇ ಪತ್ರ ಬರೆದಿದ್ದೇನೆ. ಉತ್ತರ ಬಂದ ಮೇಲೆ ಲೆಕ್ಕ ಹಾಕೋಣ” ಎಂದರು.